ಐದಕ್ಕೂ ಇಪ್ಪತ್ತೆರಡಕ್ಕೂ ನಡುವೆ

ಹೊಸದುರ್ಗ
12-1-1975, ಭಾನುವಾರ

ತಮ್ಮ ಗುಡ್ಡಪ್ಪನಿಗೆ,

ನಮ್ಮ ಮನೆಯವರ ಹನ್ನೊಂದನೆಯ ದಿನದ ತಿಥಿ ಕೆಲಸಕ್ಕೆ ನೀನು ರಜೆ ಹಾಕಿ ಬಂದೆ, ಪಾತ್ರೆ ಎತ್ತಿಡುವವರೆಗೂ ಇದ್ದು ಹೋದೆ. ಆವತ್ತು ನಿನ್ನ ಹತ್ತಿರ ಎರಡು ಮಾತಾಡಲಿಕ್ಕೂ ಆಗಲಿಲ್ಲ. ಬರೆಯೋಣ ಬರೆಯೋಣ ಅನ್ನುವುದರಲ್ಲಿ ಎರಡೂವರೆ ತಿಂಗಳಾಯಿತು.

ಅವರ ರೇಡಿಯೋ ಅಂಗಡಿಯ ಬಾಗಿಲು ಈಗ ನಾನೇ ತೆಗೆಯುತ್ತಿದ್ದೇನೆ. ರಿಪೇರಿಗೆ ಬರುವ ಹತ್ತು ಟ್ರಾನ್ಸಿಸ್ಟರಿನಲ್ಲಿ ಏಳಕ್ಕೆ ಬ್ಯಾಟರಿ ಪಟ್ಟಿಯ ತುಕ್ಕು, ಇಲ್ಲವೇ ಸ್ಪೀಕರಿನ ತಂತಿ ಕಿತ್ತದ್ದು. ಅಷ್ಟು ನನ್ನ ಕೈಲಾಗುತ್ತದೆ. ಕಾಯಿಲ್ ಸುತ್ತುವುದು ಮೊದಲಿಂದಲೂ ನನ್ನ ಕೆಲಸ. ಉಳಿದದ್ದನ್ನು ಚಿತ್ರದುರ್ಗಕ್ಕೆ ಒಯ್ಯಿರಿ ಅನ್ನುತ್ತೇನೆ.

ಈ ಕಾಗದ ಬರೆದದ್ದು ಬೇರೆ ವಿಷಯಕ್ಕೆ. ಗುರುವಾರ ಸಂಜೆ ಆರಕ್ಕೆ ಅವರು ಹ್ಯಾಮ್ ರೇಡಿಯೋದ ನಲವತ್ತು ಮೀಟರ್ ಬ್ಯಾಂಡಿನಲ್ಲಿ ಗೋಪಾಲಪುರದ ಮಹಾಪಾತ್ರ ಅಜ್ಜನ ಜೊತೆ ಮಾತಾಡುತ್ತಿದ್ದರಲ್ಲ. ಮನೆಯ ಸೆಟ್ಟನ್ನು ಈಗ ನಾನು ಹಾಕುತ್ತೇನೆ. ಒಂದು ಗುರುವಾರವೂ ತಪ್ಪಿಸಿಲ್ಲ. ಅಜ್ಜ ಇನ್ನೂ ಕರೆಯುತ್ತಾನೆ. ಮೋರ್ಸ್ ಸಂಕೇತದಲ್ಲಿ ಇವರ ಲೈಸೆನ್ಸಿನ ಕರೆ ಅಕ್ಷರಗಳನ್ನು ಮೂರು ಮೂರು ಸಲ ಬಡಿದು, ನಿಂತು ಕಾಯುತ್ತಾನೆ. ಮತ್ತೆ ಬಡಿಯುತ್ತಾನೆ. ಐದಾರು ನಿಮಿಷ. ಸಮುದ್ರದ ದಂಡೆಯಲ್ಲಿ ಕೂತು ಬಡಿಯುವ ಆ ಸಣ್ಣ ಸದ್ದು ನಮ್ಮ ಮನೆ ಜಂತೆಯ ಕೆಳಗೆ ಬಂದು ಕೇಳುತ್ತದೆ.

ನಮ್ಮತ್ತೆ ಯಲ್ಲಕ್ಕ ಒಂದಿನ ಕೇಳಿದರು, "ಏನವ್ವ ಅದು ಟಿಕಿ ಟಿಕಿ?" ಅಂತ. ನಿಮ್ಮ ಮಗನನ್ನು ಕರೀತಾರೆ ಅಂದೆ. "ಕರದ್ರೆ ಓ ಅನ್ನೋರು ಯಾರೈದಾರೆ?" ಅಂದು ಎದ್ದು ಕುರಿ ದೊಡ್ಡಿಯ ಕಡೆ ಹೋದರು.

ಅಜ್ಜನಿಗೆ ಇವರು ಹೋದ ವಿಷಯ ಗೊತ್ತಿಲ್ಲ. ನಿನಗೆ ರೇಡಿಯೋದಲ್ಲಿ ಮಾತು ಕಳಿಸುವ ಲೈಸೆನ್ಸಿದೆ, ನನಗಿಲ್ಲ, ನಾನು ಕೇಳಬಹುದಷ್ಟೇ. ನೀನು ಹೇಳಿದ್ದೀಯಾ, ಇಲ್ಲವಾ? ಹೇಳು ಅಂತಲೂ ಅನ್ನುತ್ತಿಲ್ಲ, ಬೇಡ ಅಂತಲೂ ಅನ್ನುತ್ತಿಲ್ಲ.

ಇನ್ನೊಂದು. ಅವರ ನೋಟ್ ಬುಕ್ ಸಿಕ್ಕಿತು. ಹೋದ ವರ್ಷ ಒಂದೇ ಥರದ ಎರಡು ಸೆಟ್ಟು ಕಟ್ಟಿದರಲ್ಲ, ಒಂದು ನಿನಗೆ, ಒಂದು ಮನೆಗೆ. ನಿನ್ನ ಸೆಟ್ಟಿಗೆ ಹನ್ನೊಂದು ಪುಟ ಬರೆದಿದ್ದಾರೆ. ಮನೆಯದಕ್ಕೆ ಅರ್ಧ ಪುಟ. ನಿನ್ನದರಲ್ಲಿ ಮಿಕ್ಸರಿನ ಹತ್ತಿರ 22 ಅಂತ ಇದೆ, ನಮ್ಮದರಲ್ಲಿ 5. ಇದು ಯಾಕೆ ಬೇರೆ?

ಮುದ್ದಕ್ಕ

---

ಚಿಕ್ಕಜಾಜೂರು
17-1-1975

ಅಕ್ಕ,

ನಿಮ್ಮ ಕಾಗದ ರೈಲ್ವೆ ಸ್ಟೇಷನ್ ವಿಳಾಸಕ್ಕೆ ಬಂತು. ಸಿಗ್ನಲ್ ಕೇಬಲ್ ಕೆಲಸಕ್ಕೆ ಲೈನಿನ ಮೇಲೆ ಹೋಗಿದ್ದೆ, ನಿನ್ನೆ ಕೈಗೆ ಸಿಕ್ಕಿತು.

ಮಹಾಪಾತ್ರ ಅವರಿಗೆ ನಾನು ಹೇಳಿಲ್ಲ. ನನ್ನ ಟ್ರಾನ್ಸ್‌ಮಿಟರ್ ಸರಿ ಇಲ್ಲ. ಸರಿ ಮಾಡಿದ ಮೇಲೆ ನೋಡೋಣ.

ಐದು, ಇಪ್ಪತ್ತೆರಡರ ವಿಷಯ. ಗುರುಗಳು ಹೇಳಿಕೊಟ್ಟಿದ್ದು ಹೀಗೆ. ಸೆಟ್ಟಿನೊಳಗೆ ಆಸಿಲೇಟರ್ ಒಂದೇ ಸಮ ಒಂದು ಸ್ವರ ಹಾಡುತ್ತಿರುತ್ತದೆ. ಏರಿಯಲ್ಲಿನಿಂದ ಬಂದದ್ದನ್ನು ಮಿಕ್ಸರಿನಲ್ಲಿ ಆ ಸ್ವರದ ಜೊತೆ ಕಲಸಿದರೆ ಬೇಕಾದ ಸ್ಟೇಷನ್ ಸಿಗುತ್ತದೆ. ಸ್ವರವನ್ನು ಮಿಕ್ಸರಿಗೆ ದಾಟಿಸುವುದು ಒಂದು ಪುಟ್ಟ ಕಂಡೆನ್ಸರ್. ಐದು, ಇಪ್ಪತ್ತೆರಡು ಅನ್ನುವುದು ಅದರ ಅಳತೆ. ಅದು ಚಿಕ್ಕದಾದರೆ ಆಸಿಲೇಟರ್ ಹಾಯಾಗಿ, ಶುದ್ಧವಾಗಿ ಹಾಡುತ್ತದೆ. ಆದರೆ ಮಿಕ್ಸರಿಗೆ ಬಲ ಸಾಲುವುದಿಲ್ಲ. ಎರಡು ದೊಡ್ಡ ಸ್ಟೇಷನ್ ಒಟ್ಟಿಗೆ ನುಗ್ಗಿದರೆ ಅವೆರಡೂ ಕೂಡಿ, ಏನೂ ಇಲ್ಲದ ಜಾಗದಲ್ಲಿ ಮೂರನೆಯದೊಂದನ್ನು ಹುಟ್ಟಿಸುತ್ತವೆ. ಗುರುಗಳು ಅದನ್ನು ದೆವ್ವ ಅನ್ನುತ್ತಿದ್ದರು. ಕಂಡೆನ್ಸರ್ ದೊಡ್ಡದು ಹಾಕಿದರೆ ದೆವ್ವ ಓಡುತ್ತದೆ. ಆದರೆ ಆಸಿಲೇಟರಿನಿಂದ ಹೆಚ್ಚು ಎಳೆದಂತಾಗಿ ಅದರ ಸ್ವರ ಒರಟಾಗುತ್ತದೆ. ಪಕ್ಕದ ದೊಡ್ಡ ಸ್ಟೇಷನ್ನಿನ ಸುತ್ತ ಸುಯ್ ಅಂತ ನೊರೆ ಎದ್ದು, ಸಣ್ಣ ಸ್ಟೇಷನ್ ಅದರ ಅಡಿಗೆ ಹೋಗುತ್ತದೆ. ಒಂದನ್ನು ಕಡಿಮೆ ಮಾಡಲು ಹೋದರೆ ಇನ್ನೊಂದು ಏಳುತ್ತದೆ. ಇದು ನಿಮಗೆ ಅರ್ಥವಾಗದಿದ್ದರೂ ಪರವಾಗಿಲ್ಲ.

ನನ್ನದಕ್ಕೆ ಹನ್ನೊಂದು ಪುಟ ಇರಬಹುದು. ಆದರೆ ಅಜ್ಜ ನನಗೆ ಕೇಳುವುದು ನೊರೆಯ ಒಳಗಿಂದ. ನಿಮ್ಮ ಮನೆಗೆ ಬಂದಾಗ ಕೇಳಿದ್ದೇನೆ, ಪಕ್ಕದಲ್ಲಿ ಕೂತು ಬಡಿದಂತಿತ್ತು. ಒಳ್ಳೆಯದನ್ನು ಗುರುಗಳು ಮನೆಯಲ್ಲೇ ಇಟ್ಟುಕೊಂಡರು ಅಂತ ಆವತ್ತೇ ಅಂದುಕೊಂಡೆ. ತಪ್ಪಲ್ಲ. ಮನೆಯವರು ಮನೆಯವರೇ.

ನಿಮ್ಮ,
ಗುಡ್ಡಪ್ಪ

---

ಹೊಸದುರ್ಗ
22-1-1975

ಶ್ರೀ ಗುಡ್ಡಪ್ಪನವರಿಗೆ,

ಪಾಠ ತಲುಪಿತು. ಏಳನೇ ಕ್ಲಾಸು ಓದಿದವಳಿಗೆ ಅರ್ಥವಾಗುವಷ್ಟು ಆಯಿತು. ಆ ದೆವ್ವ ಅನ್ನುವ ಹೆಸರು ಇಟ್ಟಿದ್ದು ಅವರಲ್ಲ, ನಾನು. ಒಂದು ಸಂಜೆ ಕಾಯಿಲ್ ಸುತ್ತುತ್ತಾ, ಇಲ್ಲದ ಜಾಗದಲ್ಲಿ ಯಾರೋ ಚೀನೀ ಭಾಷೆಯಲ್ಲಿ ಮಾತಾಡಿದ್ದಕ್ಕೆ ಹಾಗಂದೆ. ನಿಮಗೆ ಅದನ್ನು ತಮ್ಮ ಮಾತಿನ ಹಾಗೆ ಹೇಳಿದ್ದಾರೆ ಅಂತ ಈಗ ಗೊತ್ತಾಯಿತು.

ಒಳ್ಳೆಯದು ಮನೆಯಲ್ಲಿ ಉಳಿಯಿತು ಅಂದಿರಿ. ಹೋದ ವರ್ಷ ಮಾರ್ಚಿನಿಂದ ಮೇವರೆಗೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಯಾವುದಕ್ಕೆ ಕೂತಿದ್ದರು ಗೊತ್ತಾ? ನಿಮ್ಮ ಸೆಟ್ಟಿಗೆ. ಹಿರಿಯೂರಿನಲ್ಲಿ ನನ್ನ ತಂಗಿ ಜಯಕ್ಕನ ಮದುವೆಗೆ ಅವರು ಬಂದಿದ್ದು ಧಾರೆ ಮುಗಿದು ಜನ ಊಟಕ್ಕೆ ಕೂತ ಮೇಲೆ. ಬೀಗರೆಲ್ಲ ನನ್ನ ಮುಖ ನೋಡಿದರು. "ಗುಡ್ಡಪ್ಪಂದು ಒಂದು ಹದಕ್ಕೆ ಬಂದಿತ್ತು, ಬಿಟ್ಟು ಏಳಾಕಾಗ್ಲಿಲ್ಲ" ಅಂದರು. ನಮ್ಮ ಸೆಟ್ಟನ್ನು ಎರಡು ದಿನದಲ್ಲಿ ಮುಗಿಸಿದರು. ಹೊಲದಿಂದ ಬಂದು ಕೈಕಾಲು ತೊಳೆದಷ್ಟೇ ಸಲೀಸಾಗಿ.

ಹನ್ನೊಂದು ಪುಟದ್ದು ಹೇಗಿರುತ್ತದೆ ಅಂತ ನಾನೂ ಕೇಳಬೇಕು. ನಮ್ಮ ಸೆಟ್ಟು ಅಷ್ಟು ಚೆನ್ನಾಗಿದೆ ಅನ್ನುತ್ತೀರಲ್ಲ, ನೀವು ಅದನ್ನು ಇಟ್ಟುಕೊಳ್ಳಿ. ನಿಮ್ಮದು ಇಲ್ಲಿಗೆ ಬರಲಿ. ಶ್ರೀರಾಂಪುರದ ಮೇಲೆ ಬರುವ ಬಸ್ಸಿನ ಕಂಡಕ್ಟರ್ ಜುಂಜಣ್ಣ ನಮ್ಮ ಕಡೆಯವನೇ. ಸೋಮವಾರ ಅವನ ಕೈಲಿ ನಮ್ಮದನ್ನು ಕಳಿಸುತ್ತೇನೆ. ಅದೇ ಬಸ್ಸಿಗೆ ನಿಮ್ಮದನ್ನು ಹತ್ತಿಸಿ.

ಮುದ್ದಕ್ಕ

---

ಚಿಕ್ಕಜಾಜೂರು
27-1-1975, ಸೋಮವಾರ

ಮುದ್ದಕ್ಕನವರಿಗೆ,

ನಿಮ್ಮಿಷ್ಟದಂತೆ ಆಗಿದೆ. ಸೆಟ್ಟು ಕ್ಷೇಮವಾಗಿ ಬಂತು. ನನ್ನದನ್ನು ಜಮಖಾನದಲ್ಲಿ ಸುತ್ತಿ ಡ್ರೈವರ್ ಹಿಂದಿನ ಸೀಟಿನಲ್ಲಿ ಇರಿಸಿದ್ದೇನೆ. ಜುಂಜಣ್ಣ ಎಲ್ಲರೆದುರು ಮಾನ ತೆಗೆದ.

"ಏನ್ರಿ ಗುಡ್ಡಪ್ಪ, ಒಂದು ಡಬ್ಬ ಇಳಿಸ್ಕಂಡ್ರಿ, ಅಂಥದ್ದೇ ಇನ್ನೊಂದು ಹತ್ತಿಸ್ತೀರಿ. ಬ್ಯಾರೆ ಬ್ಯಾರೆನಾ, ಇಲ್ಲ ಒಂದೇ ಡಬ್ಬ ಊರು ನೋಡಾಕೆ ಬಂದೈತಾ?"

"ಬೇರೆ ಕಣಪ್ಪ. ಒಳಗಿಂದು ಬೇರೆ."

"ಮತ್ತೆ ಅದಕ್ಕೆ ಟಿಕೇಟು ಬ್ಯಾರೆ, ಇದಕ್ಕೆ ಬ್ಯಾರೆ" ಅಂದ. ಬಸ್ಸೆಲ್ಲ ನಕ್ಕಿತು.

ಮದುವೆಯ ವಿಷಯ ನನಗೆ ಗೊತ್ತಿರಲಿಲ್ಲ. ನಾನು ಅವರಿಗೆ ಕೂರಿ ಅಂತ ಹೇಳಿರಲಿಲ್ಲ.

ಗುಡ್ಡಪ್ಪ

---

ಹೊಸದುರ್ಗ
8-2-1975

ಗುಡ್ಡಪ್ಪನವರಿಗೆ,

ಹದಿನೈದು ದಿನವಾಗುತ್ತಾ ಬಂತು, ಒಂದು ಮಾತು ತಿಳಿಸೋಣ ಅಂತ ಬರೆದೆ. ಸೆಟ್ಟು ಬಹಳ ಚೆನ್ನಾಗಿದೆ. 30ನೇ ತಾರೀಖಿನ ಗುರುವಾರವೂ 6ನೇ ತಾರೀಖಿನ ಗುರುವಾರವೂ ಅಜ್ಜ ಕರೆದದ್ದು ಸ್ಪಷ್ಟವಾಗಿ ಕೇಳಿತು. ಒಂದು ದೆವ್ವವೂ ಇಲ್ಲ. ಹನ್ನೊಂದು ಪುಟ ಸುಮ್ಮನೆ ಬರೆದಿಲ್ಲ.

ನಿಮಗೆ ನಮ್ಮ ಅರ್ಧ ಪುಟದ್ದು ಹೇಗಿದೆಯೋ.

ಮುದ್ದಕ್ಕ

---

ಚಿಕ್ಕಜಾಜೂರು
12-2-1975

ಮುದ್ದಕ್ಕನವರಿಗೆ,

ಸಂತೋಷ. ನನಗೂ ಹಾಗೇ. ನೊರೆ ಅನ್ನುವುದು ಇಲ್ಲವೇ ಇಲ್ಲ. ಮೊನ್ನೆ 6ರಂದು ಅಜ್ಜ ನನ್ನ ಕಿವಿಯಲ್ಲೇ ಬಡಿದಂತಿತ್ತು. ಗುರುಗಳನ್ನು ಕರೆದ ಮೇಲೆ ಎರಡು ಸಾಲು ಹೆಚ್ಚಿಗೆ ಕಳಿಸಿದರು. ಮಂಡಿ ನೋವು ಕಡಿಮೆಯಾಗಿದೆಯಂತೆ, ಅಲ್ಲಿ ಗಾಳಿ ಜೋರಂತೆ. ನಿಮಗೆ ಅದು ಕೇಳಿಸಿರಬೇಕಲ್ಲ?

ನಮ್ಮಿಬ್ಬರಿಗೂ ಬೇಕಾದದ್ದು ಸಿಕ್ಕಿತು ಅಂದುಕೊಳ್ಳುತ್ತೇನೆ.

ಗುಡ್ಡಪ್ಪ

---

ಹೊಸದುರ್ಗ
15-2-1975

ಗುಡ್ಡಪ್ಪನವರಿಗೆ,

ಕೇಳಿಸಿತು. ಮಂಡಿ ನೋವಿನ ಮಾತು ಕೇಳಿಸಿತು. ಮೊನ್ನೆ 13ರಂದೂ ಚೆನ್ನಾಗಿ ಕೇಳಿತು.

ಮುದ್ದಕ್ಕ

---

ಹೊಸದುರ್ಗ
21-2-1975, ಶುಕ್ರವಾರ

ಗುಡ್ಡಪ್ಪ,

ಇವತ್ತು ಟಪಾಲಿನವನು ಒಂದು ಕಾರ್ಡು ಕೊಟ್ಟು ಹೋದ. ಅವರ ಹೆಸರಿಗೆ, ಗೋಪಾಲಪುರದಿಂದ. ಇಂಗ್ಲಿಷಿನಲ್ಲಿತ್ತು. ಹುಡುಗಿಯರ ಸ್ಕೂಲಿನ ಏಕಾಂತಮ್ಮ ಮೇಡಂ ಹತ್ತಿರ ಓದಿಸಿದೆ. ಅವರು ಹೇಳಿದ್ದನ್ನು ಬರೆಯುತ್ತೇನೆ.

"ಮಿತ್ರ ಓಬಯ್ಯ, ನಾಲ್ಕು ತಿಂಗಳಿಂದ ನಿನ್ನ ಉತ್ತರವಿಲ್ಲ. ನಿನ್ನ ಟ್ರಾನ್ಸ್‌ಮಿಟರ್ ಕೆಟ್ಟಿರಬೇಕು. ಆದರೂ ನೀನು ಕೇಳುತ್ತಿರುತ್ತೀಯ ಅಂತ ನಾನು ಕರೆಯುವುದು ಬಿಟ್ಟಿರಲಿಲ್ಲ. ಈಗ ನನ್ನದೂ ಕೆಟ್ಟಿದೆ. ಜನವರಿ 28ರಂದು ವಾಲ್ವು ಸುಟ್ಟುಹೋಯಿತು. ಕಲಕತ್ತೆಯಿಂದ ಬರಬೇಕು. ಅಲ್ಲಿಯವರೆಗೆ ನಾನು ಮೂಕ. ಫೆಬ್ರವರಿ 27ರ ಗುರುವಾರ ಆರಕ್ಕೆ ಖಂಡಿತ ಕರೆಯುತ್ತೇನೆ. ಗಾಬರಿಯಾಗಬೇಡ."

ಜನವರಿ 28ರಿಂದ ಅಜ್ಜ ಒಂದಕ್ಷರ ಬಡಿದಿಲ್ಲ, ಗುಡ್ಡಪ್ಪ.

ನಾನು 30ಕ್ಕೆ ಕೇಳಿದೆ ಅಂದೆ. 6ಕ್ಕೆ ಕೇಳಿದೆ, 13ಕ್ಕೂ ಕೇಳಿದೆ ಅಂದೆ. ನಿನಗೆ ಮಂಡಿ ನೋವೂ ಕೇಳಿಸಿತು. ಅದು ನನಗೂ ಕೇಳಿಸಿತು ಅಂತ ಬರೆದೆ.

ಏಕಾಂತಮ್ಮ ಮೇಡಂ ಎದುರು ಕೂತಿದ್ದಾಗಲೇ ನನ್ನ ಕಿವಿ ಬಿಸಿಯಾಯಿತು. "ಯಾಕ್ರಿ ಮುದ್ದಕ್ಕ, ಮೈ ಹುಷಾರಿಲ್ವಾ?" ಅಂದರು. ಬಿಸಿಲು ಅಂದೆ.

ನಿಜ ಬರೆಯುತ್ತೇನೆ. ನಿನ್ನ ಸೆಟ್ಟು ಇಲ್ಲಿ ಸುಯ್ಯೆನ್ನುತ್ತದೆ. ಅಜ್ಜನೊಬ್ಬನೇ ಅಲ್ಲ, ಮೊದಲು ಕೇಳುತ್ತಿದ್ದ ಸಣ್ಣ ಸ್ಟೇಷನ್ನುಗಳೆಲ್ಲ ಅದರಡಿ ಮುಳುಗಿದವು. ಹೆಚ್ಚು ಕೇಳಲಿ ಅಂತ ಏರಿಯಲ್ಲನ್ನು ಪಕ್ಕದ ಮನೆ ತೆಂಗಿನ ಮರದವರೆಗೆ ಎಳೆಸಿದೆ. ನೊರೆಯೂ ಹೆಚ್ಚಾಯಿತು. ನೊರೆಯೊಳಗೇ ಅಜ್ಜ ಇದ್ದಾನೆ, ನನಗೇ ಸಿಗುತ್ತಿಲ್ಲ, ನಿನಗೆ ಮಾತ್ರ ಸಿಗುತ್ತಿದ್ದಾನೆ ಅಂತ ನಾಲ್ಕು ಗುರುವಾರ ಉರಿದೆ. ಹೆಡ್‌ಫೋನ್ ತೆಗೆದಿಟ್ಟು ನಿನಗೆ ಬೈದಿದ್ದೂ ಇದೆ.

ಕಾರ್ಡು ಬಂದ ಮೇಲೆ ನೋಟ್ ಬುಕ್ ಮತ್ತೆ ತೆಗೆದೆ. ನಿನ್ನ ಹನ್ನೊಂದು ಪುಟದ ಮೊದಲನೆಯದರ ಮೂಲೆಯಲ್ಲಿ "130 ಅಡಿ" ಅಂತ ಇದೆ. ನಮ್ಮ ಅರ್ಧ ಪುಟದಲ್ಲಿ "30 ಅಡಿ". ಮೊದಲೂ ನೋಡಿದ್ದೆ, ಗಮನ ಕೊಟ್ಟಿರಲಿಲ್ಲ. ಅದು ಏರಿಯಲ್ಲಿನ ಉದ್ದ. ನೀನು ರೈಲ್ವೆ ಕಂಬದಿಂದ ಕಂಬಕ್ಕೆ ಎಳೆದಿದ್ದೀಯಲ್ಲ. ಅಷ್ಟುದ್ದದ ತಂತಿಯಲ್ಲಿ ದೊಡ್ಡ ಸ್ಟೇಷನ್ನೆಲ್ಲ ನುಗ್ಗುತ್ತವೆ, ದೆವ್ವ ಏಳುತ್ತವೆ. ಅದಕ್ಕೇ ನಿನಗೆ ಇಪ್ಪತ್ತೆರಡು. ನಮ್ಮ ಜಂತೆಯ ಕೆಳಗಿನ ತುಂಡು ತಂತಿಗೆ ಐದು ಸಾಕಾಗಿತ್ತು. ನಿನ್ನ ತಂತಿ ಕಾಟ ಕೊಟ್ಟಿತು, ಹನ್ನೊಂದು ಪುಟವಾಯಿತು. ನಮ್ಮದು ಕೊಡಲಿಲ್ಲ, ಅರ್ಧ ಪುಟವಾಯಿತು. ಇದನ್ನು ನಾವಿಬ್ಬರೂ ಬಸ್ಸಿಗೆ ಹಾಕಿ ಕೆಡಿಸಿದೆವು. ನಿನಗೂ ಅಲ್ಲಿ ಈಗ ದೆವ್ವ ತುಂಬಿರಬೇಕು. ಹೌದೋ ಅಲ್ಲವೋ ಹೇಳು.

27ಕ್ಕೆ ಅಜ್ಜನಿಗೆ ಹೇಳಿಬಿಡು. ಸತ್ತವರನ್ನು ಕರೆಯಿಸುತ್ತಾ ಕೂರುವುದು ಇನ್ನು ಬೇಡ. ಅವನು ಏನನ್ನುತ್ತಾನೋ ಅದು ನನಗೆ ಕೇಳಬೇಕು. ನನ್ನ ಕಿವಿಯಿಂದಲೇ ಕೇಳಬೇಕು, ನಿನ್ನ ಕಾಗದದಿಂದಲ್ಲ.

ಈ ವಾರ ಜುಂಜಣ್ಣ ರಜೆ. ಬೇರೆಯವರ ಕೈಲಿ ಸೆಟ್ಟು ಕಳಿಸಲು ಧೈರ್ಯವಿಲ್ಲ. ಯಾರ ಹತ್ತಿರ ಯಾವುದಿದೆಯೋ ಅದನ್ನೇ ಸರಿ ಮಾಡಿಕೊಳ್ಳಬೇಕು. ನಮ್ಮ ಡಬ್ಬಿಯಲ್ಲಿ ಸಣ್ಣ ಕಂಡೆನ್ಸರ್ ಒಂದೂ ಇಲ್ಲ. ಇದ್ದಿದ್ದರೂ ಈ ಉದ್ದದ ತಂತಿಗೆ ಐದು ಸಾಲುತ್ತಿರಲಿಲ್ಲ. ಅದಕ್ಕೆ ನಾನು ಮಾಡುವುದನ್ನು ಹೇಳುತ್ತೇನೆ, ನೀನೂ ಮಾಡು. ಆ ಕಂಡೆನ್ಸರನ್ನು ಕತ್ತರಿಸು. ಅದರ ಜಾಗದಲ್ಲಿ ಕಾಯಿಲ್ ಸುತ್ತುವ ಎರಡು ಎನಾಮಲ್ ತಂತಿಯನ್ನು ಒಂದಕ್ಕೊಂದು ಹೆಣೆದು, ತುದಿ ತಾಗದಂತೆ ಬಿಟ್ಟು, ಬೆಸೆ. ಹೆಣೆದ ತಂತಿಯೇ ಕಂಡೆನ್ಸರ್ ಆಗುತ್ತದೆ. ಸುತ್ತು ಹೆಚ್ಚಿದರೆ ದೊಡ್ಡದು, ಬಿಚ್ಚಿದರೆ ಚಿಕ್ಕದು. ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಸುತ್ತು ಬಿಚ್ಚುತ್ತಾ ಹೋಗು. ನೊರೆ ಇಳಿಯುತ್ತದೆ, ದೆವ್ವ ಏಳುತ್ತದೆ. ಎರಡರ ಕಾಟವೂ ಸಮ ಅನ್ನಿಸಿದಲ್ಲಿ ನಿಲ್ಲಿಸು. ಎರಡೂ ಪೂರ್ತಿ ಹೋಗುವ ಜಾಗ ಇಲ್ಲ, ಹುಡುಕಬೇಡ.

ಮುದ್ದಕ್ಕ

---

ಚಿಕ್ಕಜಾಜೂರು
25-2-1975, ಮಂಗಳವಾರ

ಅಕ್ಕ,

ದೆವ್ವ ತುಂಬಿದೆ. ಡಯಲ್ ಎಲ್ಲಿ ತಿರುಗಿಸಿದರೂ ಯಾರೋ ಭಾಷಣ ಮಾಡುತ್ತಾರೆ. ಮಂಡಿ ನೋವು ನನ್ನ ಅಪ್ಪನದು. ಏನು ಬರೆಯಲಿ ಅಂತ ಹೊಳೆಯದೆ ಅದನ್ನೇ ಹಾಕಿದೆ.

ಇನ್ನೊಂದು ಸುಳ್ಳಿದೆ. ನನ್ನ ಟ್ರಾನ್ಸ್‌ಮಿಟರಿಗೆ ಏನೂ ಆಗಿಲ್ಲ. ಮೊದಲ ವಾರವೇ ಹೇಳಬಹುದಿತ್ತು. ಹೇಳಿದರೆ ಅಜ್ಜ ಕರೆಯುವುದು ನಿಲ್ಲಿಸುತ್ತಾರೆ ಅಂತ ಸುಮ್ಮನಿದ್ದೆ. ಆ ಅಕ್ಷರಗಳು ಬರುತ್ತಿರುವವರೆಗೆ ಗುರುಗಳು ಎಲ್ಲೋ ಎದ್ದು ಹೋಗಿದ್ದಾರೆ, ಬರುತ್ತಾರೆ ಅನ್ನಿಸುತ್ತಿತ್ತು. ನೀವೂ ಕೇಳುತ್ತಿದ್ದೀರಿ ಅಂತ ಗೊತ್ತಾದಾಗ ಸಂತೋಷವಾಗಲಿಲ್ಲ. ನನ್ನದನ್ನು ಯಾರೋ ಹಂಚಿಕೊಂಡ ಹಾಗಾಯಿತು.

ಗುರುವಾರ ಹೇಳುತ್ತೇನೆ. ಮೈಕಿನಲ್ಲಿ ಬಾಯಲ್ಲೇ ಹೇಳುತ್ತೇನೆ, ನಿಮಗೂ ಕೇಳುತ್ತದೆ. ಅವರು ಮೋರ್ಸಿನಲ್ಲಿ ಉತ್ತರ ಕೊಡುತ್ತಾರೆ.

ಕಂಡೆನ್ಸರ್ ಕತ್ತರಿಸಲು ಕುಳಿತೆ. ಕಟರ್ ಹಿಡಿದು ಅರ್ಧ ಗಂಟೆ ಕೂತಿದ್ದೆ. ಅದರ ಬೆಸುಗೆ ಗುರುಗಳ ಕೈಯದು. ಅಷ್ಟು ದುಂಡಗೆ ನನಗೆ ಇವತ್ತಿಗೂ ಬರುವುದಿಲ್ಲ. ಕತ್ತರಿಸಲಾಗಲಿಲ್ಲ. ಇದ್ದಂತೆಯೇ ಕೇಳುತ್ತೇನೆ. ನೀವೂ ಕತ್ತರಿಸಬೇಡಿ ಅಂತ ನನ್ನ ಮನಸ್ಸು. ಆಮೇಲೆ ಹಾಗೆ ಬೆಸೆಯಲು ಯಾರಿದ್ದಾರೆ.

ಗುಡ್ಡಪ್ಪ

---

ಚಿಕ್ಕಜಾಜೂರು
28-2-1975, ಶುಕ್ರವಾರ

ಅಕ್ಕ,

ಹೇಳಿದೆ. ನಿಮಗೆ ಕೇಳಿರುತ್ತದೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ಅಕ್ಟೋಬರಿನಲ್ಲಿ ಕಾಮಾಲೆಯಾಗಿ ಓಬಯ್ಯ ತೀರಿಕೊಂಡರು, ನಾನು ಅವರ ಶಿಷ್ಯ ಅಂದೆ. ಮತ್ತೆ ಏನೋ ಹೇಳಬೇಕು ಅಂದುಕೊಂಡಿದ್ದೆ, ಬರಲಿಲ್ಲ.

ಅಜ್ಜ ಉತ್ತರ ಬಡಿಯಲು ಶುರು ಮಾಡಿದರು. ಮೊದಲ ನಾಲ್ಕೈದು ಪದ ಸಿಕ್ಕಿತು, ದುಃಖವಾಯಿತು ಅಂತ. ಅಷ್ಟರಲ್ಲಿ ಅವರ ತಲೆಯ ಮೇಲೇ ಒಂದು ದೆವ್ವ ಎದ್ದಿತು, ಹೆಂಗಸೊಬ್ಬಳು ಯಾವುದೋ ಭಾಷೆಯಲ್ಲಿ ಹಾಡುತ್ತಿದ್ದಳು. ಅದು ಹೋಗುವಷ್ಟರಲ್ಲಿ ಅಜ್ಜ ಮುಗಿಸಿದ್ದರು. "ನಿನ್ನ ಬಗ್ಗೆ ಓಬಯ್ಯ ಹೇಳಿದ್ದ" ಅನ್ನುವಂಥದ್ದೇನೋ ಇತ್ತು. ಏನು ಹೇಳಿದ್ದರು ಅಂತ ಸಿಗಲಿಲ್ಲ. ಮತ್ತೆ ಕಳಿಸಿ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ.

ನಿಮಗೆ ಸಿಕ್ಕಿತಾ? ಕೂಡಲೇ ತಿಳಿಸಿ.

ಗುಡ್ಡಪ್ಪ

---

ಚಿಕ್ಕಜಾಜೂರು
9-3-1975

ಅಕ್ಕ,

ನಿಮ್ಮ ಉತ್ತರವಿಲ್ಲ. ಮೊನ್ನೆ 6ರಂದು ಆರಕ್ಕೆ ಕೂತೆ. ಅಜ್ಜ ಬರಲಿಲ್ಲ, ಅಥವಾ ಬಂದರೂ ದೆವ್ವದಲ್ಲಿ ಹೋದರು.

ಜುಂಜಣ್ಣನನ್ನು ಕೇಳಿದೆ. "ಅಕ್ಕ ಚೆನ್ನಾಗೇ ಅವ್ರೆ. ಅಂಗಡಿಯಾಗೆ ಕುಂತು ಕಾಯಿಲ್ ಸುತ್ತುತಾರೆ. ನಿಮ್ಮ ಹೆಸರು ತೆಗೆದ್ರೆ ಮಾತ್ರ, ಸುಮ್ಕಿರಪ್ಪ, ಸುತ್ತು ಎಣಿಸೋದು ತಪ್ತು ಅಂತಾರೆ" ಅಂದ.

ನನ್ನ ಮೇಲೆ ಕೋಪವಿದ್ದರೆ ಇರಲಿ. ಆದರೆ ಗುರುಗಳು ನನ್ನ ಬಗ್ಗೆ ಏನು ಹೇಳಿದ್ದರು ಅನ್ನುವುದು ನಿಮ್ಮ ಹತ್ತಿರ ಇದ್ದರೆ ಅದನ್ನು ಮುಚ್ಚಿಡಬೇಡಿ. ಏಳು ವರ್ಷ ಅವರ ಪಕ್ಕ ಕೂತೆ. ನನ್ನೆದುರು ಒಮ್ಮೆಯೂ ಚೆನ್ನಾಗಿದೆ ಅಂದವರಲ್ಲ. "ಹ್ಞೂಂ" ಅನ್ನುತ್ತಿದ್ದರು, ಅಷ್ಟೇ. ಕೆಟ್ಟದ್ದೇ ಇದ್ದರೂ ಬರೆಯಿರಿ.

ಗುಡ್ಡಪ್ಪ

---

ಹೊಸದುರ್ಗ
22-3-1975, ಶನಿವಾರ

ತಮ್ಮ ಗುಡ್ಡಪ್ಪನಿಗೆ,

ಸಿಕ್ಕಿತ್ತು. ಎಲ್ಲವೂ ಸಿಕ್ಕಿತ್ತು. ಮೂರು ವಾರದಿಂದ ನನ್ನ ಹತ್ತಿರ ಇದೆ.

ಫೆಬ್ರವರಿ 23ರ ಭಾನುವಾರ ಮಧ್ಯಾಹ್ನ ನಾನು ಕಂಡೆನ್ಸರ್ ಕತ್ತರಿಸಿದೆ. ಕತ್ತರಿಸಬೇಡಿ ಅಂದ ನಿನ್ನ ಕಾಗದ ಬಂದಿದ್ದು ಆಮೇಲೆ. ಮೊದಲೇ ಬಂದಿದ್ದರೂ ಕತ್ತರಿಸುತ್ತಿದ್ದೆ. ನೀನು ಅವರ ಬೆಸುಗೆಯನ್ನು ಏಳು ವರ್ಷ ನೋಡಿದೆ, ನಾನು ಹದಿನಾರು ವರ್ಷ. ಅಂಗಡಿಗೆ ಬಂದ ಯಾವ ಸೆಟ್ಟೇ ಆಗಲಿ, ಹಳೆಯ ಬೆಸುಗೆ ಕೀಳದೆ ಅವರು ಒಂದನ್ನೂ ರಿಪೇರಿ ಮಾಡಿದವರಲ್ಲ.

ಇಪ್ಪತ್ತು ಸುತ್ತು ಹೆಣೆದು ಹಾಕಿದೆ. ಸಂಜೆ ಕೂತು ಬಿಚ್ಚುತ್ತಾ ಹೋದೆ. ಹದಿನೇಳಕ್ಕೆ ನೊರೆ ತೆಳುವಾಯಿತು. ಹನ್ನೆರಡಕ್ಕೆ ಅದು ಹೋಯಿತು, ಹಳೆಯ ದೆವ್ವ ಆ ಚೀನಿಯವನು ಬಂದ. ಮತ್ತೆ ಎರಡು ಸುತ್ತು ಹೆಣೆದೆ. ಹದಿನಾಲ್ಕಕ್ಕೆ ನೊರೆ ಸ್ವಲ್ಪ, ಚೀನಿಯವನು ಸ್ವಲ್ಪ. ಇಬ್ಬರ ನಡುವೆ ಒಂದು ಸಂದು. ಮೂರು ಸಂಜೆ ಕೇಳಿ ನೋಡಿ ಅಲ್ಲಿಗೇ ನಿಲ್ಲಿಸಿದೆ.

27ರ ಗುರುವಾರ ನಿನ್ನ ದನಿ ಬಂತು. ಅಷ್ಟು ಚಿಕ್ಕ ಹುಡುಗನ ಹಾಗೆ ಮಾತಾಡುತ್ತೀ ಅಂತ ಅಂದುಕೊಂಡಿರಲಿಲ್ಲ. ಆಮೇಲೆ ಅಜ್ಜ ಬಡಿದ. ನನಗೆ ಮೋರ್ಸಿನ ಅಕ್ಷರ ಗೊತ್ತು, ಇಂಗ್ಲಿಷು ಗೊತ್ತಿಲ್ಲ. ಅರ್ಥ ಬಿಟ್ಟು ಅಕ್ಷರ ಅಕ್ಷರವೇ ಪೆನ್ಸಿಲಿನಲ್ಲಿ ಬರೆದುಕೊಂಡೆ. ಒಂದೂ ತಪ್ಪಲಿಲ್ಲ. ಕೊನೆಗೆ ಅವರ ಕರೆ ಅಕ್ಷರಗಳನ್ನು ಒಂದೇ ಸಲ, ಬಹಳ ನಿಧಾನವಾಗಿ ಬಡಿದ. ಈ ಸಲ ಉತ್ತರಕ್ಕೆ ಕಾಯಲಿಲ್ಲ.

ಮಾರನೆಯ ಬೆಳಿಗ್ಗೆ ಹಾಳೆ ತೆಗೆದುಕೊಂಡು ಏಕಾಂತಮ್ಮ ಮೇಡಂ ಹತ್ತಿರ ಹೋದೆ. ಅವರು ಪದ ಬಿಡಿಸಿ ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಕನ್ನಡಕ ತೆಗೆದರು.

"ಜೋರಾಗಿ ಓದ್ಲೇನ್ರಿ?"

"ಓದ್ರಿ."

ಅವರು ಓದಿದ್ದು ಇದು.

"ಮಗು, ನಿನಗಾದ ನಷ್ಟ ದೊಡ್ಡದು. ಆರು ವರ್ಷ ಪ್ರತಿ ಗುರುವಾರ ಮಾತಾಡಿದೆವು. ಅವನ ಮುಖ ನಾನು ನೋಡಲಿಲ್ಲ. ನಿನ್ನ ಬಗ್ಗೆ ಓಬಯ್ಯ ಹೇಳಿದ್ದ. ನನಗೊಬ್ಬ ಶಿಷ್ಯನಿದ್ದಾನೆ, ನನಗಿಂತ ಚೆನ್ನಾಗಿ ತಿಳಿದವನು, ಆದರೆ ನಾನು ಮಾಡಿದ್ದನ್ನು ಮುಟ್ಟಲು ಹೆದರುತ್ತಾನೆ ಅಂದಿದ್ದ. ಆ ಹೆದರಿಕೆ ಬಿಟ್ಟ ದಿನ ಅವನು ನನ್ನನ್ನು ದಾಟುತ್ತಾನೆ ಅಂದಿದ್ದ. ಅದು ನೀನೇ ಇರಬೇಕು."

ಮೇಡಂ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ನಿಮ್ಮ ಬಗ್ಗೆ ಏನೂ ಇಲ್ಲ ಕಣ್ರಿ ಮುದ್ದಕ್ಕ" ಅಂದರು. ಪಾಪ, ಅವರೇ ತಪ್ಪು ಮಾಡಿದವರ ಹಾಗೆ.

ಇರಲಿಲ್ಲ. ನಷ್ಟ ನಿನ್ನದು ಅಂದ. ಮಗು ಅಂದದ್ದೂ ನಿನಗೆ. ಆರು ವರ್ಷ, ಮುನ್ನೂರು ಗುರುವಾರ. ಅಷ್ಟೂ ಗುರುವಾರ ಅವರ ಹಿಂದೆ ಎರಡು ಮಾರು ದೂರದಲ್ಲಿ ನಾನು ಕಾಯಿಲ್ ಸುತ್ತುತ್ತಾ ಕೂತಿದ್ದೆ. ಮನೆಯಲ್ಲೊಬ್ಬಳು ಇದ್ದಾಳೆ ಅಂತ ಗೋಪಾಲಪುರಕ್ಕೆ ಗೊತ್ತಿಲ್ಲ. ಕತ್ತರಿಸಿದವಳು ನಾನು, ಕೇಳಿಸಿಕೊಂಡವಳು ನಾನು. ಬಂದ ಮಾತು ಮಾತ್ರ ನಿನ್ನದು.

ಅದಕ್ಕೇ ಕಳಿಸಲಿಲ್ಲ. ನನಗೂ ಕೇಳಿಸಲಿಲ್ಲ ಅಂತ ನಿನಗೆ ಒಂದು ಕಾರ್ಡು ಬರೆದು, ವಿಳಾಸವನ್ನೂ ಬರೆದು, ಗಡಿಯಾರದ ಹಿಂದೆ ಇಟ್ಟಿದ್ದೆ. ನಿನ್ನ ಒಂಬತ್ತನೇ ತಾರೀಖಿನ ಕಾಗದ ಬಂದ ದಿನ ಅದನ್ನು ಡಬ್ಬಿಗೆ ಹಾಕಲು ಹೊರಟೆ, ಪೋಸ್ಟಾಫೀಸಿನವರೆಗೂ ಹೋದೆ. "ಹ್ಞೂಂ ಅನ್ನುತ್ತಿದ್ದರು, ಅಷ್ಟೇ" ಅಂತ ಬರೆದಿದ್ದೆಯಲ್ಲ. ನನಗೂ ಅಷ್ಟೇ ಅನ್ನುತ್ತಿದ್ದರು. ಕಾಯಿಲ್ ಸುತ್ತಿ ಕೈಗೆ ಕೊಟ್ಟರೆ ಬೆಳಕಿಗೆ ಹಿಡಿದು ನೋಡಿ, ಹ್ಞೂಂ. ನಿನಗಾದರೂ ಬೇರೆ ಏನೋ ಸಿಗುತ್ತಿದೆ ಅಂತ ಏಳು ವರ್ಷ ತಿಳಿದಿದ್ದೆ. ಕಾರ್ಡು ಹರಿದು ವಾಪಸ್ಸು ಬಂದೆ. ಬಂದ ಮೇಲೂ ನಾಲ್ಕೈದು ದಿನ ಬೇಕಾಯಿತು.

ಪೆನ್ಸಿಲಿನಲ್ಲಿ ಬರೆದ ಹಾಳೆಯನ್ನೇ ಇಟ್ಟಿದ್ದೇನೆ, ನಕಲಲ್ಲ. ನಿನ್ನದು ನಿನಗೆ. ಜೊತೆಗೆ ಇಪ್ಪತ್ತು ಸುತ್ತು ಹೆಣೆದ ತಂತಿಯೊಂದಿದೆ. ನಿನ್ನ ಏರಿಯಲ್ಲಿಗೆ ಎಷ್ಟು ಬಿಚ್ಚಬೇಕೋ ನನಗೆ ಗೊತ್ತಿಲ್ಲ, ಅದನ್ನು ನೀನೇ ಕೇಳಿ ಕಂಡುಕೊಳ್ಳಬೇಕು. ಕಟರ್ ಹಾಕು. ಇಷ್ಟು ಓದಿದ ಮೇಲೂ ಹಾಕದಿದ್ದರೆ ಜುಂಜಣ್ಣನ ಬಸ್ಸಿಗೆ ನಾನೇ ಹತ್ತಿ ಬರುತ್ತೇನೆ.

ಅಜ್ಜ ಕರೆಯುವುದು ಬಿಟ್ಟಿದ್ದಾನೆ. ಗುರುವಾರ ಆರಕ್ಕೆ ಈ ಸಲ ನೀನು ಅವನನ್ನು ಕರೆ. ಹೇಳಬೇಕಾದದ್ದೆಲ್ಲ ಹೇಳು, ಅವಸರ ಮಾಡಬೇಡ. ಕೊನೆಗೆ ಇದೊಂದು ಹೇಳು. ಹೊಸದುರ್ಗದಲ್ಲಿ ಒಬ್ಬಳು ಕೇಳುತ್ತಿದ್ದಾಳೆ, ನಿಮ್ಮ ಮಾತು ನನಗೆ ತಲುಪಿದ್ದು ಅವಳಿಂದ, ಅವಳ ಹೆಸರು ಮುದ್ದಕ್ಕ ಅಂತ. ಯಾರ ಹೆಂಡತಿ ಅಂತ ಅವನು ಕೇಳಿದರೆ ಆಮೇಲೆ ಹೇಳು.

ನಾನು ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತೇನೆ. ನನ್ನ ಹೆಸರನ್ನು ಮೋರ್ಸಿನಲ್ಲಿ ಈವರೆಗೆ ಯಾರೂ ಬಡಿದಿಲ್ಲ. ಅವನು ಬಡಿದರೆ ನಾನು ಬರೆದುಕೊಳ್ಳಬೇಕು.

ಮುದ್ದಕ್ಕ